ಅರ್ಧ ಅಂಕಣ ಸಾಕು

ಕಲಬುರಗಿಯಲ್ಲಿ ಟೆನಿಸ್ ಎಂದರೆ ಡಬಲ್ಸ್. ಯಾರೂ ಕುಳಿತು ಮಾಡಿದ ನಿಯಮವಲ್ಲ ಇದು, ಲೆಕ್ಕ ತಾನಾಗಿಯೇ ಹಾಗೆ ಬಂದು ನಿಂತಿದೆ. ಊರಿನಲ್ಲಿ ಅಂಕಣಗಳು ಕಡಿಮೆ, ನಸುಕಿನಲ್ಲಿ ರ‍್ಯಾಕೆಟ್ ಹಿಡಿದು ಬರುವವರು ಹೆಚ್ಚು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಬೇರೆ. ಏಪ್ರಿಲ್ ಕಾಲಿಟ್ಟಿತೆಂದರೆ ಎಂಟು ಗಂಟೆಯ ಮೇಲೆ ಅಂಕಣದಲ್ಲಿ ನಿಲ್ಲುವ ಮಾತೇ ಇಲ್ಲ. ಬೆಳಕು ಹರಿಯುವುದಕ್ಕೂ ಬಿಸಿಲು ಏರುವುದಕ್ಕೂ ನಡುವೆ ಸಿಗುವ ಆ ಸಣ್ಣ ಅವಧಿಯಲ್ಲಿ ಇಬ್ಬರೇ ಒಂದು ಅಂಕಣವನ್ನು ಹಿಡಿದುಕೊಂಡರೆ ಬೆಂಚಿನ ಮೇಲೆ ಕುಳಿತವರ ಮುಖ ಗಂಟಾಗುತ್ತದೆ. ನಾಲ್ವರು ಆಡಬೇಕು, ಸೆಟ್ ಮುಗಿದ ಕೂಡಲೇ ಸೋತವರು ಜಾಗ ಬಿಡಬೇಕು, ಮುಂದಿನ ಇಬ್ಬರು ಇಳಿಯಬೇಕು.

ಇನ್ನೊಂದು ಕಾರಣ ವಯಸ್ಸು. ನಾನು ಹೋಗುವ ಕ್ಲಬ್ಬಿನಲ್ಲಿ ಐವತ್ತು ದಾಟದವರನ್ನು ಹುಡುಗರೆಂದೇ ಕರೆಯುತ್ತಾರೆ. ಮಂಡಿ ಸವೆದ ವಕೀಲರಿದ್ದಾರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನಿವೃತ್ತ ಎಂಜಿನಿಯರ್ ಇದ್ದಾರೆ, ಬೇಳೆ ಮಿಲ್ಲಿನ ಲೆಕ್ಕವನ್ನು ಮಗನಿಗೆ ಒಪ್ಪಿಸಿ ಬಂದ ಸಾಹುಕಾರರಿದ್ದಾರೆ. ಇವರಾರಿಗೂ ಇಡೀ ಅಂಕಣ ಓಡುವ ಶಕ್ತಿ ಇಲ್ಲ. ಅರ್ಧ ಅಂಕಣವಾದರೆ ಎಪ್ಪತ್ತರ ತನಕ ಆಡಬಲ್ಲರು. ಓಡಿ ಮುಟ್ಟಲಾಗದ ಚೆಂಡನ್ನು ಮೊದಲೇ ಊಹಿಸಿ ಮುಟ್ಟುತ್ತಾರೆ; ಊಹೆ ತಪ್ಪಿದರೆ ಜೊತೆಗಾರನನ್ನು ಬೈಯುತ್ತಾರೆ.

ಇಂಥವರ ನಡುವೆ ಆಡುವವನಾದ್ದರಿಂದ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ನಿವೃತ್ತರಾದಾಗ ಪತ್ರಿಕೆ, ಟಿ.ವಿ.ಗಳಲ್ಲಿ ಬಂದ ಶ್ರದ್ಧಾಭಕ್ತಿಯ ಬರಹಗಳು ನನಗೆ ಅಷ್ಟು ರುಚಿಸಲಿಲ್ಲ. ಅವರು ವಿದಾಯ ಹೇಳಿದ್ದು 2025ರ ನವೆಂಬರ್ 1ರಂದು. ರಾಜ್ಯೋತ್ಸವದ ದಿನ. (ಗುಲ್ಬರ್ಗ ಸರ್ಕಾರಿ ಕಾಗದದಲ್ಲೂ ಕಲಬುರಗಿಯಾದದ್ದು 2014ರ ಅದೇ ದಿನ. ಹಾಗಾಗಿ ಆ ತಾರೀಖು ನಮ್ಮೂರಿನಲ್ಲಿ ಯಾರಿಗೂ ಮರೆಯುವುದಿಲ್ಲ.) ಮರುದಿನದಿಂದ ಎಲ್ಲೆಡೆ ಒಂದೇ ಪಲ್ಲವಿ: 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಕ್ರಮಾಂಕ, 43ನೇ ವಯಸ್ಸಿನಲ್ಲಿ ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲೊಂದು), 45ರವರೆಗೆ ಆಟ. ವಯಸ್ಸೊಂದೇ ಅವರ ಸಾಧನೆ ಎಂಬಂತೆ, ದೇವರು ಕಣ್ಣು ತೆರೆದ ಎಂಬಂತೆ. ಬೋಪಣ್ಣ ಅವರ ಬದುಕಿನಲ್ಲಿ ಪವಾಡ ನನಗೆ ಕಾಣುವುದಿಲ್ಲ. ಕಾಣುವುದು ಒಂದು ನಿರ್ಧಾರ ಮತ್ತು ಅದಕ್ಕೆ ತೆತ್ತ ಬೆಲೆ. ಇಡೀ ಅಂಕಣ ತನ್ನದಾಗುವುದಿಲ್ಲ ಎಂದು ತಿಳಿದ ದಿನ ಅವರು ಅರ್ಧ ಅಂಕಣವನ್ನು ಹಿಡಿದುಕೊಂಡರು. ಅದನ್ನು ಹದಿನೇಳು-ಹದಿನೆಂಟು ವರ್ಷ ಬಿಡಲಿಲ್ಲ.

ಅವರು ಹುಟ್ಟಿದ್ದು 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ, ಬೆಳೆದದ್ದು ಕೊಡಗಿನ ಕಾಫಿ ಬೆಳೆಗಾರರ ಮನೆಯಲ್ಲಿ. ಕೊಡಗು ಹಾಕಿಯ ನಾಡು. ಅಲ್ಲಿ ಮಗುವಿನ ಕೈಗೆ ಮೊದಲು ಬರುವುದು ಹಾಕಿ ಕೋಲೇ. ಟೆನಿಸ್‌ಗೆ ಅಲ್ಲಿಯೂ ನಮ್ಮಲ್ಲಿರುವಷ್ಟೇ ಅನುಕೂಲ, ಅಂದರೆ ಬಹಳ ಕಡಿಮೆ. ವಿದಾಯದ ಪತ್ರದಲ್ಲಿ ಅವರು ಆ ದಿನಗಳನ್ನು ನೆನೆದಿದ್ದಾರೆ: ಸರ್ವ್‌ಗೆ ಬಲ ಬರಲೆಂದು ಕಟ್ಟಿಗೆ ಒಡೆದದ್ದು, ದಮ್ಮು ಹೆಚ್ಚಲೆಂದು ಕಾಫಿ ತೋಟಗಳಲ್ಲಿ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಕನಸು ಕಂಡದ್ದು. ಕಟ್ಟಿಗೆ ಒಡೆಯುವವರು ನಮ್ಮ ಕಡೆಯೂ ಬೇಕಾದಷ್ಟಿದ್ದಾರೆ. ಅವರ ಕೈಗೆ ರ‍್ಯಾಕೆಟ್ ಕೊಟ್ಟವರಿಲ್ಲ, ಅಷ್ಟೇ ವ್ಯತ್ಯಾಸ.

ಕೊಡಗಿನಿಂದ ಪುಣೆಗೆ ಹೋಗಿ ತರಬೇತಿ ಪಡೆದು, 2002ರಲ್ಲಿ ದೇಶ-ದೇಶಗಳ ನಡುವೆ ನಡೆಯುವ ಡೇವಿಸ್ ಕಪ್‌ನ ಭಾರತ ತಂಡಕ್ಕೆ ಬಂದರು. ಮರುವರ್ಷ ವೃತ್ತಿಪರರಾದರು. ಆರಡಿ ನಾಲ್ಕಂಗುಲದ ಆಳು, ಭಾರಿ ಸರ್ವ್, ಒಂಟಿ ಕೈಯ ಬ್ಯಾಕ್‌ಹ್ಯಾಂಡ್. ನೋಡಿದವರಿಗೆ ಸಿಂಗಲ್ಸ್‌ನಲ್ಲಿ ಏನೋ ಆಗಿಯೇ ತೀರುತ್ತದೆ ಎನಿಸುವಂಥ ಆಟ. ಆಗಲಿಲ್ಲ. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ಸ್ಥಾನ 213, ಅದು 2007ರಲ್ಲಿ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಆಡುವುದು 128 ಮಂದಿ. ಶ್ರೇಯಾಂಕದ ಬಲದಿಂದ ನೇರವಾಗಿ ಒಳಗೆ ಹೋಗುವವರು ಸುಮಾರು ಮೊದಲ ನೂರರ ಆಸುಪಾಸಿನವರು. 213 ಎಂದರೆ ಬಾಗಿಲು ಕಾಣಿಸುತ್ತದೆ, ಒಳಗಿನ ದೀಪವೂ ಕಾಣಿಸುತ್ತದೆ, ಕೈಗೆ ಮಾತ್ರ ಚಿಲಕ ಸಿಗುವುದಿಲ್ಲ. ಆ ಮಟ್ಟದಲ್ಲಿರುವವನು ಸಣ್ಣ ಸಣ್ಣ ಊರುಗಳ ಟೂರ್ನಿಗಳಲ್ಲಿ ಆಡುತ್ತಾ, ಬಂದ ಬಹುಮಾನದ ಹಣವನ್ನು ಮುಂದಿನ ವಾರದ ವಿಮಾನದ ಟಿಕೆಟ್‌ಗೆ ಸುರಿಯುತ್ತಾ ಇರಬೇಕು. ಜಗತ್ತಿನಲ್ಲಿ ತನಗಿಂತ ಚೆನ್ನಾಗಿ ಆಡುವವರು ಬರೀ ಇನ್ನೂರ ಹನ್ನೆರಡು ಮಂದಿ ಎಂದಾಗ ಬೇರೆ ಯಾವುದೇ ವೃತ್ತಿಯವನು ಮೆರವಣಿಗೆ ಮಾಡಿಸಿಕೊಳ್ಳುತ್ತಾನೆ. ಟೆನಿಸ್‌ನಲ್ಲಿ ಅವನು ಹೋಟೆಲ್ ಬಿಲ್ಲಿಗೆ ಹೆದರುತ್ತಾನೆ.

ಭುಜದ ನೋವೂ ಆ ವರ್ಷಗಳಲ್ಲಿ ಅವರನ್ನು ಕಾಡಿತು. 2008ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಮೆರಿಕದ ಎರಿಕ್ ಬುಟೊರ‍್ಯಾಕ್ ಜೊತೆ ಮೊದಲ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ಡಬಲ್ಸ್ ಪ್ರಶಸ್ತಿ ಬಂತು. ಆಗ ಅವರಿಗೆ 28. ಅಲ್ಲಿಂದ ದಾರಿ ನಿಧಾನವಾಗಿ ಹೊರಳಿತು.

ಡಬಲ್ಸ್ ಯಾಕೆ ಮನುಷ್ಯನನ್ನು ಇಷ್ಟು ವರ್ಷ ಉಳಿಸುತ್ತದೆ ಎಂಬುದನ್ನು ಅಂಕಣದ ಅಳತೆಯೇ ಹೇಳುತ್ತದೆ. ಉದ್ದ ಎರಡಕ್ಕೂ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ, ಅಷ್ಟನ್ನೂ ಒಬ್ಬನೇ ಕಾಯಬೇಕು. ಡಬಲ್ಸ್‌ನಲ್ಲಿ ಎರಡೂ ಬದಿಯ ಪಟ್ಟಿ ಸೇರಿ 36 ಅಡಿ, ಆದರೆ ಇಬ್ಬರಿದ್ದಾರೆ. ಒಬ್ಬನ ಪಾಲಿಗೆ 18. ಪಾಯಿಂಟ್‌ಗಳು ಚಿಕ್ಕವು. ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿಯೇ ಹೊಂಚು ಹಾಕಿ ನಿಂತಿರುತ್ತಾನೆ. ರಿಟರ್ನ್ ಒಂದು ಗೇಣು ಎತ್ತರಕ್ಕೆ ಬಂದರೂ ಮುಗಿಯಿತು. 2006ರಿಂದ ಎಟಿಪಿ ಟೂರ್ನಿಗಳಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್ (ತೀರ್ಮಾನದ ಕಿರು ಗೇಮ್) ಬಂತು, ಡ್ಯೂಸ್ (40-40ರ ಸಮ) ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನವಾಗುವ ಪದ್ಧತಿ ಬಂತು. ಪಂದ್ಯಗಳು ಇನ್ನೂ ಗಿಡ್ಡವಾದವು. ಇದರಿಂದ ಕಾಲು ಉಳಿಯುತ್ತದೆ, ನಿಜ; ಆದರೆ ತಲೆಗೆ ಕೆಲಸ ಜಾಸ್ತಿ. ಒಂದು ತಪ್ಪು ರಿಟರ್ನ್‌ನಿಂದ ಇಡೀ ಗೇಮ್ ಹೋಗುವಾಗ ಕೈ ನಡುಗದೆ ಇರಬೇಕು. ಸರ್ವ್ ಮಾಡುವ ಮೊದಲು ಇಬ್ಬರೂ ಬಾಯಿಗೆ ಚೆಂಡು ಅಡ್ಡ ಹಿಡಿದು ಮಾತಾಡಿಕೊಳ್ಳುವುದನ್ನು ನೋಡಿರುತ್ತೀರಿ. ಎಲ್ಲಿಗೆ ಸರ್ವ್, ಯಾರು ಯಾವ ಕಡೆ ಸರಿಯಬೇಕು ಎಂಬುದು ಆ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ನಮ್ಮ ಕ್ಲಬ್ಬಿನಲ್ಲೂ ಹಾಗೆ ಮಾತಾಡಿಕೊಳ್ಳುತ್ತಾರೆ, ಆದರೆ ಬಹುತೇಕ ನಾಷ್ಟಾಕ್ಕೆ ಸುಸಲಾ-ಮಿರ್ಚಿ ತರಿಸುವುದೋ ಬೇಡವೋ ಎಂಬ ವಿಷಯ.

2010ರ ಸೆಪ್ಟೆಂಬರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೋಪಣ್ಣ ಎಂಥ ಆಟಗಾರ ಎಂಬುದು 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದ ಮೆಲ್ಬರ್ನ್‌ಗಿಂತ ಹೆಚ್ಚು ಆ ತಿಂಗಳಲ್ಲಿ ಕಾಣುತ್ತದೆ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅವರು ಅಮೆರಿಕ ಓಪನ್ ಫೈನಲ್ ತಲುಪಿದರು. ಎದುರಿಗೆ ಬ್ರಯನ್ ಸಹೋದರರು, ಆ ಕಾಲದಲ್ಲಿ ಡಬಲ್ಸ್‌ನ ದೊರೆಗಳು. ಎರಡು ಸೆಟ್, ಎರಡೂ ಟೈಬ್ರೇಕ್, ಎರಡರಲ್ಲೂ ಸೋಲು. ಗ್ಯಾಲರಿಯಲ್ಲಿ ವಿಶ್ವಸಂಸ್ಥೆಯ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಅಕ್ಕಪಕ್ಕ ಕುಳಿತಿದ್ದರು. ಯುದ್ಧ ನಿಲ್ಲಿಸಿ, ಟೆನಿಸ್ ಆಡಿ ಎಂಬ ಬರಹ ಹೊತ್ತು ಓಡಾಡುತ್ತಿದ್ದ ಆ ಜೋಡಿಗೆ ಅದೇ ವರ್ಷ ಆರ್ಥರ್ ಆ್ಯಶ್ ಹೆಸರಿನ ಮಾನವೀಯತೆಯ ಗೌರವವೂ ಬಂತು. ನಮ್ಮ ಊರಿನಲ್ಲಿ ಒಂದೇ ಸಂಜೆ ಶರಣಬಸವೇಶ್ವರರ ಗುಡಿಗೂ ಬಂದಾನವಾಜರ ದರ್ಗಾಕ್ಕೂ ಹೋಗಿ ಬರುವವರಿದ್ದಾರೆ. ಅವರಿಗೆ ಆ ಜೋಡಿ ವಿಚಿತ್ರ ಅನಿಸಲಿಲ್ಲ. ಕ್ಲಬ್ಬಿನ ಉರ್ದು ಮೇಷ್ಟ್ರೊಬ್ಬರು ಆ ಫೈನಲ್ ಬಗ್ಗೆ ಈಗಲೂ ನಿನ್ನೆ ನಡೆದದ್ದೆಂಬಂತೆ ಜಗಳವಾಡುತ್ತಾರೆ.

ನ್ಯೂಯಾರ್ಕ್‌ನಿಂದ ಬಂದವರೇ ಮರುವಾರ ಚೆನ್ನೈನಲ್ಲಿ ಡೇವಿಸ್ ಕಪ್‌ಗೆ ಇಳಿದರು. ಬ್ರೆಜಿಲ್ ವಿರುದ್ಧ ಮೊದಲ ದಿನವೇ ಭಾರತ 0-2ರ ಹಿನ್ನಡೆ. ಲಿಯಾಂಡರ್ ಪೇಸ್-ಮಹೇಶ್ ಭೂಪತಿ ಡಬಲ್ಸ್ ಗೆದ್ದರು. ಸೋಮದೇವ್ ದೇವವರ್ಮನ್ ಎದುರು ಬ್ರೆಜಿಲ್‌ನ ಬೆಲ್ಲುಚಿ ಅರ್ಧಕ್ಕೇ ಪಂದ್ಯ ಬಿಟ್ಟುಕೊಟ್ಟರು. 2-2. ಐದನೆಯ, ನಿರ್ಣಾಯಕ ಸಿಂಗಲ್ಸ್‌ಗೆ ಬೋಪಣ್ಣ. ಎದುರಾಳಿ ರಿಕಾರ್ಡೊ ಮೆಲ್ಲೊ ಸಿಂಗಲ್ಸ್ ಶ್ರೇಯಾಂಕದಲ್ಲಿ ಅವರಿಗಿಂತ ಬಹಳ ಮೇಲಿದ್ದವರು. ಡಬಲ್ಸ್‌ನವನೆಂದು ಆಗಲೇ ಎಲ್ಲರೂ ಬರೆದಿಟ್ಟಿದ್ದ ಮನುಷ್ಯ ಮೂರೇ ಸೆಟ್‌ಗಳಲ್ಲಿ ಪಂದ್ಯ ಮುಗಿಸಿದರು. ಇಡೀ ಅಂಕಣ ಅವರಿಗೆ ಆಡಲು ಬರುತ್ತಿರಲಿಲ್ಲ ಎಂದು ತಿಳಿದವರು ಆ ಪಂದ್ಯವನ್ನು ಹುಡುಕಿ ನೋಡಬೇಕು. ಆಡಲು ಬರುತ್ತಿತ್ತು. ಆದರೆ ವರ್ಷದ ನಲವತ್ತು ವಾರ ಹಾಗೆ ಆಡಲು ದೇಹ ಒಪ್ಪುತ್ತಿರಲಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ಯಾರು ಯಾರ ಜೊತೆ ಆಡಬೇಕೆಂಬ ಜಗಳವನ್ನು ನಾನು ಬೇಗ ದಾಟಿ ಹೋಗುತ್ತೇನೆ. ಭೂಪತಿ, ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲು ಒಪ್ಪಲಿಲ್ಲ, ಎರಡು ಜೋಡಿ ಹೋದವು, ಪದಕ ಬರಲಿಲ್ಲ. ಅದರಲ್ಲಿ ಯಾರದು ಸರಿ ಎಂದು ಕೇಳಿದರೆ ನಮ್ಮ ಬೆಂಚಿನ ಮೇಲೆ ಎಂಟು ಜನರಿಂದ ಒಂಬತ್ತು ಉತ್ತರ ಬರುತ್ತವೆ. ನನಗೆ ಅದಕ್ಕಿಂತ 2016ರ ರಿಯೊ ಹೆಚ್ಚು ನೋವು ಕೊಟ್ಟಿತು. ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಸೆಮಿಫೈನಲ್‌ನಲ್ಲಿ ವೀನಸ್ ವಿಲಿಯಮ್ಸ್-ರಾಜೀವ್ ರಾಮ್ ಎದುರು ಮೊದಲ ಸೆಟ್ ಗೆದ್ದೂ ಸೋತರು, ಕಂಚಿನ ಪಂದ್ಯದಲ್ಲೂ ಸೋತರು. ಒಲಿಂಪಿಕ್ಸ್ ಪದಕಕ್ಕೆ ಅಷ್ಟು ಹತ್ತಿರ ಅವರು ಮತ್ತೆಂದೂ ಹೋಗಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಬಂದವು, 2018ರಲ್ಲಿ ಇಂಡೊನೇಷ್ಯಾದ ಪಾಲೆಂಬಾಂಗ್‌ನಲ್ಲಿ ದಿವಿಜ್ ಶರಣ್ ಜೊತೆ, 2023ರಲ್ಲಿ ಹಾಂಗ್‌ಝೌನಲ್ಲಿ ಋತುಜಾ ಭೋಸಲೆ ಜೊತೆ. ಆದರೆ ರಿಯೊ ರಿಯೊನೇ.

ಜೊತೆಗಾರರ ವಿಷಯಕ್ಕೆ ಬರುತ್ತೇನೆ. ಬೋಪಣ್ಣ ಅವರ ವೃತ್ತಿಯನ್ನು ಯಾರಾದರೂ ಸರಿಯಾಗಿ ಬರೆಯಬೇಕೆಂದರೆ ಅವರ ಪ್ರಶಸ್ತಿಗಳ ಪಟ್ಟಿಗಿಂತ ಜೊತೆಗಾರರ ಪಟ್ಟಿ ಇಟ್ಟುಕೊಂಡು ಬರೆಯಬೇಕು. ಖುರೇಷಿ, ಭೂಪತಿ, ಫ್ರಾನ್ಸ್‌ನ ರೋಜರ್-ವ್ಯಾಸೆಲಿನ್, ರೊಮೇನಿಯಾದ ಮೆರ್ಗಿಯಾ, ಉರುಗ್ವೆಯ ಕ್ಯುವಾಸ್, ದಿವಿಜ್ ಶರಣ್, ಕೆನಡಾದ ಶಪೊವಲೊವ್, ನೆದರ್ಲೆಂಡ್ಸ್‌ನ ಮಿಡಲ್‌ಕೂಪ್, ಕೊನೆಗೆ ಆಸ್ಟ್ರೇಲಿಯಾದ ಎಬ್ಡನ್. ಇದೂ ಪೂರ್ತಿ ಪಟ್ಟಿಯಲ್ಲ. ತೊಗರಿ ಹೊಲದಲ್ಲಿ ಎತ್ತು ಹೂಡುವ ರೈತನಿಗೆ ಎಡಗೋಲಿನ ಎತ್ತು ಯಾವುದು, ಬಲಗೋಲಿನದು ಯಾವುದು ಎಂದು ಗೊತ್ತಿರುತ್ತದೆ. ಬದಲಿಸಿ ಹೂಡಿದರೆ ಎರಡೂ ಎತ್ತು ಗಟ್ಟಿಯಿದ್ದರೂ ಸಾಲು ಸೊಟ್ಟ ಹೋಗುತ್ತದೆ. ಡಬಲ್ಸ್‌ನಲ್ಲೂ ರಿಟರ್ನ್‌ಗೆ ಎಡ, ಬಲ ಎಂದು ಇದೆ. ಬದಿ ಬದಲಿಸುವುದೆಂದರೆ ಅರ್ಧ ಆಟವನ್ನು ಹೊಸದಾಗಿ ಕಲಿಯುವುದು. ಪ್ರತಿ ಹೊಸ ಜೊತೆಗಾರನ ಜೊತೆಗೂ ಇದನ್ನು ಮೊದಲಿನಿಂದ ಕಟ್ಟಬೇಕು: ಅವನು ಸರ್ವ್‌ನಲ್ಲಿ ಹೆದರುವವನೋ, ಸೋತಾಗ ಸುಮ್ಮನಾಗುವವನೋ, ತಲೆಯ ಮೇಲಿನ ಚೆಂಡನ್ನು ಯಾರಿಗೆ ಬಿಡುತ್ತಾನೆ. ಶ್ರೇಯಾಂಕ ಬೇರೆ ಒಬ್ಬೊಬ್ಬರದು ಪ್ರತ್ಯೇಕ. ಜೋಡಿಯಲ್ಲಿ ಒಬ್ಬನ ಅಂಕ ಕುಸಿದರೆ ದೊಡ್ಡ ಟೂರ್ನಿಗಳಿಗೆ ಪ್ರವೇಶ ಕಷ್ಟವಾಗುತ್ತದೆ, ಆಗ ಇನ್ನೊಬ್ಬ ಬೇರೆಯವರನ್ನು ಹುಡುಕುತ್ತಾನೆ. ಇದರಲ್ಲಿ ದ್ರೋಹವಿಲ್ಲ, ಹೊಟ್ಟೆಪಾಡು.

ರೋಜರ್-ವ್ಯಾಸೆಲಿನ್ ಅವರನ್ನೇ ನೋಡಿ. 2013ರ ವಿಂಬಲ್ಡನ್‌ನಲ್ಲಿ ಬೋಪಣ್ಣ ಅವರ ಪಕ್ಕದಲ್ಲಿ ನಿಂತು ಸೆಮಿಫೈನಲ್ ತನಕ ಬಂದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಮೊನ್‌ಫಿಸ್ ಜೊತೆ ಸೇರಿ ಬೋಪಣ್ಣ-ಶ್ರೀರಾಮ್ ಬಾಲಾಜಿ ಅವರನ್ನು ಹೊರದಬ್ಬಿದವರೂ ಇವರೇ. ಭಾರತದ ಪರ ಬೋಪಣ್ಣ ಆಡಿದ ಕೊನೆಯ ಪಂದ್ಯ ಅದಾಯಿತು. 2025ರ ಟೋಕಿಯೊ ಫೈನಲ್‌ನಲ್ಲಿ ಮತ್ತೆ ನೆಟ್ಟಿನ ಆಚೆ ಅವರೇ. ಹಳೆಯ ಜೊತೆಗಾರನಿಗೆ ನಿಮ್ಮ ಗುಟ್ಟೆಲ್ಲ ಗೊತ್ತು. ಇದು ಕಲಬುರಗಿಯ ಕ್ಲಬ್ಬಿನಲ್ಲಿ ನಿತ್ಯದ ಅನುಭವ. ಸೋಮವಾರದ ಜೋಡಿ ಮಂಗಳವಾರದ ಎದುರಾಳಿ.

ಮೊದಲ ಗ್ರ್ಯಾನ್‌ಸ್ಲಾಮ್ ಬಂದದ್ದು 2017ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ. ಎದುರಾಳಿಗಳ ಕೈಯಲ್ಲಿ ಎರಡು ಮ್ಯಾಚ್ ಪಾಯಿಂಟ್ (ಗೆದ್ದರೆ ಪಂದ್ಯವೇ ಮುಗಿಯುವ ಪಾಯಿಂಟ್) ಇದ್ದವು. ಅವನ್ನು ತಪ್ಪಿಸಿಕೊಂಡು ನಿರ್ಣಾಯಕ ಟೈಬ್ರೇಕ್ 12-10ರಲ್ಲಿ ಗೆದ್ದರು. ಪೇಸ್, ಭೂಪತಿ, ಸಾನಿಯಾ ನಂತರ ಗ್ರ್ಯಾನ್‌ಸ್ಲಾಮ್ ಗೆದ್ದ ನಾಲ್ಕನೇ ಭಾರತೀಯರು. ಆಗ 37. ಹೆಚ್ಚಿನವರು ಅಲ್ಲಿಗೆ ಕಥೆಗೆ ಮಂಗಳ ಹಾಡುತ್ತಿದ್ದರು.

ಆಮೇಲಿನ ವರ್ಷಗಳು ಕೆಟ್ಟವು. ಎರಡೂ ಮಂಡಿಗಳ ಮೃದ್ವಸ್ಥಿ ಸವೆದು ಹೋಗಿತ್ತು. ನೋವಿನ ಮಾತ್ರೆ ನುಂಗಿ ಅಂಕಣಕ್ಕೆ ಇಳಿಯುತ್ತಿದ್ದರು. ಕೊರೊನಾ ಕಾಲದಲ್ಲಿ ಅಯ್ಯಂಗಾರ್ ಯೋಗಕ್ಕೆ ಶರಣಾದರು. ಗೋಡೆ, ಹಗ್ಗ, ಕುರ್ಚಿಗಳ ಆಸರೆಯಲ್ಲಿ ದೇಹವನ್ನು ನಿಲ್ಲಿಸಿ, ಕೀಲುಗಳ ಸುತ್ತಲಿನ ಸ್ನಾಯುಗಳನ್ನು ಗಟ್ಟಿ ಮಾಡುವ ಪದ್ಧತಿ ಅದು. ಅದನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬದುಕಿದ್ದು ಪುಣೆಯಲ್ಲಿ. ಕನ್ನಡ ನಾಡಿನ ಒಬ್ಬ ಗುರು ಪುಣೆಯಲ್ಲಿ ಕಟ್ಟಿದ್ದು ಪುಣೆಯಲ್ಲೇ ಆಟ ಕಲಿತ ಕನ್ನಡ ನಾಡಿನ ಆಟಗಾರನ ಮಂಡಿಗೆ ಒದಗಿತು ಎಂಬುದು ನನಗೆ ಖುಷಿ ಕೊಡುವ ಸಂಗತಿ. ನಮ್ಮ ವಕೀಲರು ಆ ಸುದ್ದಿ ಓದಿ ಒಂದು ವಾರ ಕುರ್ಚಿ ಹಿಡಿದು ನಿಂತರು. ಎರಡನೇ ವಾರ ಅದೇ ಕುರ್ಚಿಯಲ್ಲಿ ಕುಳಿತರು.

ಯೋಗ ನೋವು ಕಡಿಮೆ ಮಾಡಿತು, ಗೆಲುವನ್ನು ತಕ್ಷಣ ತಂದುಕೊಡಲಿಲ್ಲ. 2021ರ ಮೊದಲ ಐದು ತಿಂಗಳು ಒಂದೇ ಒಂದು ಪಂದ್ಯ ಗೆಲ್ಲಲಾಗಲಿಲ್ಲ. ಇನ್ನು ಸಾಕು, ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರಂತೆ. ಇದನ್ನು ಅವರೇ ಹೇಳಿದ್ದು, ಮೆಲ್ಬರ್ನ್‌ನಲ್ಲಿ ಟ್ರೋಫಿ ಪಕ್ಕದಲ್ಲಿ ನಿಂತು. ನಿಲ್ಲಿಸದೆ ಇದ್ದದ್ದಕ್ಕೆ ಅವರು ಕೊಟ್ಟ ಕಾರಣ ದೊಡ್ಡದೇನಲ್ಲ: ಒಳಗೆ ಏನೋ ಉಳಿದಿತ್ತು, ಮುಂದುವರಿದೆ, ಒಳ್ಳೆಯ ಜೊತೆಗಾರ ಸಿಕ್ಕಿದ. ನನಗೆ ಇದರಲ್ಲಿ ಕೊನೆಯದೇ ಮುಖ್ಯ ಎನಿಸುತ್ತದೆ.

ಮ್ಯಾಥ್ಯೂ ಎಬ್ಡನ್ ಬಂದದ್ದು 2023ರಲ್ಲಿ. ಚುರುಕು ಕಾಲಿನವರು, ರಿಟರ್ನ್‌ನಲ್ಲಿ ಪಳಗಿದವರು. ಬೋಪಣ್ಣ ಅವರ ಕೆಲಸ ಸರ್ವ್ ಮಾಡುವುದು, ಮೊದಲ ಹೊಡೆತಕ್ಕೇ ಪಾಯಿಂಟ್ ಮುರಿಯುವುದು. ಮಾರ್ಚ್‌ನಲ್ಲೇ ಇಂಡಿಯನ್ ವೆಲ್ಸ್ ಗೆದ್ದರು. ಗ್ರ್ಯಾನ್‌ಸ್ಲಾಮ್‌ಗಳ ನಂತರದ ಮಾಸ್ಟರ್ಸ್ 1000 ಮಟ್ಟದ ಪ್ರಶಸ್ತಿ ಗೆದ್ದ ಅತ್ಯಂತ ಹಿರಿಯರಾದರು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಫೈನಲ್, ಅಲ್ಲಿ ಸೋಲು. ಅದೇ ತಿಂಗಳು ಲಖನೌದಲ್ಲಿ ಮೊರೊಕ್ಕೊ ವಿರುದ್ಧ ಆಡಿ ಡೇವಿಸ್ ಕಪ್‌ಗೆ ವಿದಾಯ. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್: ಫೈನಲ್‌ನಲ್ಲಿ ಇಟಲಿಯ ಬೊಲೆಲಿ-ವವಸ್ಸೋರಿ ವಿರುದ್ಧ 7-6, 7-5. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದು ಪಾಯಿಂಟ್ ಕೂಡ ಕೊಡಲಿಲ್ಲ. ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿ ಹದಿಮೂರು ವರ್ಷ ಕಳೆದ ಮೇಲೆ ಮೊದಲ ಪ್ರಶಸ್ತಿ. ಆ ಟೂರ್ನಿ ಮುಗಿದ ಸೋಮವಾರ ಒಂದನೇ ಕ್ರಮಾಂಕ. ಅದಕ್ಕೂ ಮೊದಲು ಆ ಸ್ಥಾನಕ್ಕೆ ಮೊದಲ ಸಲ ಏರಿದವರಲ್ಲಿ ಅತ್ಯಂತ ಹಿರಿಯರೆಂದರೆ ರಾಜೀವ್ ರಾಮ್, 38ರಲ್ಲಿ. ಅದೇ ಗಣರಾಜ್ಯೋತ್ಸವಕ್ಕೆ ಪದ್ಮಶ್ರೀ ಘೋಷಣೆಯಾಗಿತ್ತು.

ಈ ಗೆಲುವಿನ ಹಣದ ಲೆಕ್ಕವನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಅದೇ ಟೂರ್ನಿಯ ಸಿಂಗಲ್ಸ್ ಗೆದ್ದ ಯಾನಿಕ್ ಸಿನ್ನರ್ ಅವರಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬೋಪಣ್ಣ-ಎಬ್ಡನ್ ಇಬ್ಬರಿಗೂ ಸೇರಿ 7.3 ಲಕ್ಷ. ತಲೆಗೆ ಹಂಚಿದರೆ ಎಂಟು ಪಟ್ಟಿಗೂ ಹೆಚ್ಚಿನ ಅಂತರ. ಟಿ.ವಿ.ಯಲ್ಲಿ ತೋರಿಸುವ ಸಮಯದ ಲೆಕ್ಕ ಹಾಕಿದರೆ ಅಂತರ ಇನ್ನೂ ದೊಡ್ಡದಿರುತ್ತದೆ. ಜನ ನೋಡುವುದಿಲ್ಲ ಎಂದು ಸಂಘಟಕರು ಹೇಳುತ್ತಾರೆ. ತೋರಿಸಿದರೆ ತಾನೇ ನೋಡುವುದು ಎಂದು ನಮ್ಮ ಬೆಂಚು ಹೇಳುತ್ತದೆ. 2025ರಲ್ಲಿ ಅಮೆರಿಕ ಓಪನ್‌ನವರು ಮಿಶ್ರ ಡಬಲ್ಸ್ ಅನ್ನು ಮುಖ್ಯ ಟೂರ್ನಿಗಿಂತ ಮೊದಲೇ, ಸಿಂಗಲ್ಸ್ ತಾರೆಯರನ್ನು ಕರೆದು, ಹತ್ತು ಲಕ್ಷ ಡಾಲರ್ ಇಟ್ಟು ನಡೆಸಿದರು. ಡಬಲ್ಸ್‌ನವರಿಗೆ ಜಾಗವೇ ಇಲ್ಲದಂತಾಯಿತು. ಹಿಂದಿನ ವರ್ಷದ ವಿಜೇತರೆಂಬ ಕಾರಣಕ್ಕೆ ಒಳಗೆ ಬಿಟ್ಟ ಇಟಲಿಯ ಎರಾನಿ-ವವಸ್ಸೋರಿ ಜೋಡಿ ತಾರೆಯರನ್ನೆಲ್ಲ ಸೋಲಿಸಿ ಆ ಹಣವನ್ನು ಎತ್ತಿಕೊಂಡು ಹೋಯಿತು. ಮೆಲ್ಬರ್ನ್ ಫೈನಲ್‌ನಲ್ಲಿ ಬೋಪಣ್ಣ ಎದುರು ಸೋತ ಅದೇ ವವಸ್ಸೋರಿ. ಆ ದಿನ ಕ್ಲಬ್ಬಿನಲ್ಲಿ ಸಾಹುಕಾರರು ಎಲ್ಲರಿಗೂ ಚಹಾ ಕುಡಿಸಿದರು, ಇಟಲಿಯವರು ಅವರ ಸೋದರಳಿಯಂದಿರೋ ಎಂಬಂತೆ.

ಇಷ್ಟೆಲ್ಲ ಹೇಳಿದರೂ ಬೋಪಣ್ಣ ಅವರಿಗೂ ಕಲಬುರಗಿಗೂ ನೇರ ಸಂಬಂಧವಿಲ್ಲ. ಒಂದು ಎಳೆ ಮಾತ್ರ ಇದೆ. 2023ರ ಕೊನೆಯಲ್ಲಿ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಪುರುಷರ ಟೂರ್ನಿ ನಡೆಯಿತು, ಒಟ್ಟು ಬಹುಮಾನ 25,000 ಡಾಲರ್. ಸಿಂಗಲ್ಸ್ ಗೆದ್ದದ್ದು ರಾಮ್‌ಕುಮಾರ್ ರಾಮನಾಥನ್. 2022ರ ಆರಂಭದಲ್ಲಿ ಅಡಿಲೇಡ್‌ನಲ್ಲೂ ಪುಣೆಯಲ್ಲೂ ಬೋಪಣ್ಣ ಎಟಿಪಿ ಡಬಲ್ಸ್ ಗೆದ್ದಾಗ ಪಕ್ಕದಲ್ಲಿ ನಿಂತಿದ್ದವರು ಇದೇ ರಾಮ್‌ಕುಮಾರ್. ಅಂಥವರು ನಮ್ಮೂರಿನ ಅಂಕಣದಲ್ಲಿ ಒಬ್ಬರೇ, ಇಡೀ 27 ಅಡಿಯನ್ನು ಹಿಂದೆ ಮುಂದೆ ಓಡುತ್ತಾ ಆಡಿದ್ದನ್ನು ನಾವೆಲ್ಲ ಗ್ಯಾಲರಿಯಲ್ಲಿ ಕುಳಿತು ನೋಡಿದೆವು. ಟಿ.ವಿ. ಚೆಂಡಿನ ಸದ್ದನ್ನು ಮುಚ್ಚಿಡುತ್ತದೆ. ಹತ್ತಿರದಿಂದ ಕೇಳಿದರೆ ಅದು ಬೇರೆಯೇ ಆಟ. ಕ್ಲಬ್ಬಿನಲ್ಲಿ ನಾವು ಹೊಡೆಯುವ ಚೆಂಡಿಗೆ ಆ ಸದ್ದು ಬರುವುದಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಒಬ್ಬ ಹುಡುಗಿ ಪ್ರತಿ ಸರ್ವ್‌ಗೂ ಕುಳಿತಲ್ಲೇ ಭುಜ ತಿರುಗಿಸುತ್ತಿದ್ದಳು.

ಆ ಹುಡುಗಿಯನ್ನು ನೋಡಿದ ಮೇಲೆ ನನ್ನದೇ ಮಾತಿಗೆ ನಾನೇ ಎದುರು ವಾದ ಹೂಡಬೇಕಾಯಿತು. ಡಬಲ್ಸ್‌ನ ಹೆಮ್ಮೆ ಕೊಚ್ಚಿಕೊಳ್ಳುವುದು ಐವತ್ತು ದಾಟಿದವರಿಗೆ ಅನುಕೂಲ. ಆದರೆ ಬೋಪಣ್ಣ ಡಬಲ್ಸ್‌ಗೆ ಬಂದದ್ದು ಇಪ್ಪತ್ತೆಂಟರ ಸುಮಾರಿಗೆ. ಅದಕ್ಕೆ ಮೊದಲಿನ ಹದಿನೈದು ವರ್ಷ ಅವರು ಇಡೀ ಅಂಕಣವನ್ನು ಓಡಿ ಓಡಿ ಕಲಿತಿದ್ದರು. ಹಿಂದಿನ ಗೆರೆಯಿಂದ ನೂರಾರು ಚೆಂಡು ಹೊಡೆದ ಕೈಗೆ ಮಾತ್ರ ನೆಟ್ ಬಳಿ ಅರ್ಧ ಕ್ಷಣದಲ್ಲಿ ವಾಲಿ ಬರುತ್ತದೆ. ಅವರು ಈಗ ಬೆಂಗಳೂರಿನಲ್ಲಿ ಅಕಾಡೆಮಿ ನಡೆಸುತ್ತಾರೆ. ಭಾರತದ ಡಬಲ್ಸ್ ಆಟಗಾರರಿಗೆ ತರಬೇತುದಾರ, ಫಿಸಿಯೊ ಒದಗಿಸುವ ಯೋಜನೆಯೊಂದನ್ನೂ ಶುರು ಮಾಡಿದ್ದರು. ಒಳ್ಳೆಯದೇ. ಆದರೆ ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ. ಹನ್ನೊಂದು ವರ್ಷದ ಮಗು ಇಲ್ಲೇ, ಈ ಊರಿನಲ್ಲೇ, ಒಂದು ಅಂಕಣದಲ್ಲಿ ಒಂಟಿಯಾಗಿ ಓಡಬೇಕು.

ಅಂಕಣ ಕಟ್ಟುವುದೂ ನಮ್ಮಲ್ಲಿ ಸುಲಭವಲ್ಲ. ಇದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಎರೆಮಣ್ಣನ್ನು ಆಳಕ್ಕೆ ತೆಗೆದು ಹಾಕಿ, ಮುರಂ ತುಂಬಿ, ರೋಲರ್ ಹೊಡೆದು ತಳಪಾಯ ಮಾಡದಿದ್ದರೆ ಮೇಲಿನ ಸಿಮೆಂಟು ಎರಡು ಮಳೆಗಾಲಕ್ಕೆ ಸೀಳುತ್ತದೆ. ಗುತ್ತಿಗೆದಾರ ಆಳ ತೋಡಿದನೋ ಇಲ್ಲವೋ ಎಂಬುದು ಚೆಂಡು ಪುಟಿಯುವಾಗಲೇ ತಿಳಿಯುತ್ತದೆ. ಅಷ್ಟರಲ್ಲಿ ಬಿಲ್ಲು ಪಾಸಾಗಿರುತ್ತದೆ. ಹಾಗಾಗಿ ಇರುವ ಅಂಕಣಗಳೇ ಗತಿ. ಅವನ್ನು ಬೆಳಗಿನ ತಂಪಿನ ಹೊತ್ತಿನಲ್ಲಿ ಹಿಡಿದಿಟ್ಟುಕೊಂಡವರು ನಾವು. ಮಕ್ಕಳಿಗೆ ಸಿಗುವುದು ಸಂಜೆ ನಾಲ್ಕು ಗಂಟೆಯ ಉರಿಬಿಸಿಲು ಮತ್ತು ಮಾರ್ಕರ್‌ನ (ಜೊತೆಗೆ ಆಡಿ ಕಲಿಸುವ ಕ್ಲಬ್ಬಿನ ನೌಕರ) ಬಿಡುವಿನ ಅರ್ಧ ಗಂಟೆ.

ಕ್ಲಬ್ಬಿನ ಕಳೆದ ಸಭೆಯಲ್ಲಿ ನಾನು ಒಂದು ಅಂಕಣವನ್ನು ಬೆಳಿಗ್ಗೆ ಏಳರವರೆಗೆ ಹದಿನಾಲ್ಕು ವರ್ಷದೊಳಗಿನವರಿಗೆ, ಬರೀ ಸಿಂಗಲ್ಸ್‌ಗೆ ಬಿಡಬೇಕೆಂದು ಕೇಳಿದೆ. ಸದಸ್ಯರ ಮಕ್ಕಳೇ ಆಗಬೇಕೆಂದಿಲ್ಲ ಎಂದೂ ಸೇರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಕೀಲರು ಕನ್ನಡಕ ತೆಗೆದು ಒರೆಸುತ್ತಾ ನನ್ನನ್ನು ಕೇಳಿದರು: "ಮೇಷ್ಟ್ರೇ, ಬೋಪಣ್ಣನವರು ನಲವತ್ತೈದಕ್ಕೆ ಬಿಟ್ಟರು. ನನಗೆ ಅರವತ್ತೊಂಬತ್ತು. ನಾನು ಎಲ್ಲಿ ಆಡಲಿ?"

"ಪಕ್ಕದ ಅಂಕಣದಲ್ಲಿ ಸರ್, ಆರು ಜನ ಸರದಿಯಲ್ಲಿ."

"ಮಾರ್ಕರ್ ಸಂಬಳಕ್ಕೆ ಯಾರು ಕೊಡುತ್ತಾರೆ?" ಇದು ಎಂಜಿನಿಯರ್ ಸಾಹೇಬರು.

ಉರ್ದು ಮೇಷ್ಟ್ರು ತಿಂಗಳಿಗೆ ತಮ್ಮ ಪಾಲು ಇಷ್ಟು ಎಂದರು, ಸಾಹುಕಾರರು ಅದಕ್ಕಿಂತ ಸ್ವಲ್ಪ ಹೆಚ್ಚು ಹೇಳಿದರು; ಅವರಿಬ್ಬರ ನಡುವಿನ ಹಳೆಯ ಪೈಪೋಟಿ ಮೊದಲ ಸಲ ಯಾರಿಗಾದರೂ ಉಪಯೋಗಕ್ಕೆ ಬಂತು. ಬೇಸಿಗೆ ಮುಗಿಯುವವರೆಗೆ ನಡೆಸಿ ನೋಡೋಣ ಎಂದು ಬರೆದುಕೊಂಡರು. ವಕೀಲರು ಸಹಿ ಹಾಕಿದರು, ಆದರೆ ಭಾನುವಾರವನ್ನು ಪಟ್ಟಿಯಿಂದ ಹೊಡೆದು ಹಾಕಿಸಿದ ಮೇಲೆ.